ಒಂದು ನಂಬರ್ ದೊಡ್ಡದು

ಸವದತ್ತಿ, ಬೈಲಹೊಂಗಲ ರಸ್ತೆ,
ಚಹಾದಂಗಡಿಯ ಕಟ್ಟೆ.
ರವಿವಾರ, 9 ನವೆಂಬರ್ 2025, ಬೆಳಿಗ್ಗೆ 7.50

ಪ್ರೀತಿಯ ರೇಣುನ ಅಪ್ಪಾ ಅವರಿಗೆ,

ಶೈಲಜಾಳ ನಮಸ್ಕಾರ. ಆರೋಗ್ಯ ಹೇಗಿದೆ? ಹಿಮ್ಮಡಿ ಒಡೆದದ್ದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಮೇಣ ಕಾಸಿ ಡಬ್ಬಿ ಕಳಿಸಿದ್ದೆ. ಕಾಲಿಗೆ ಹಚ್ಚುತ್ತಿದ್ದೀರೋ, ಬಂದೂಕಿಗೆ ಹಚ್ಚಿ ಒರೆಸುತ್ತಿದ್ದೀರೋ? ಗಡಿಯಲ್ಲಿ ಥಂಡಿ ಶುರುವಾಗಿರಬೇಕು. ಅತ್ತೆಯವರು ಗಟ್ಟಿಯಾಗಿದ್ದಾರೆ. ಮೊಣಕಾಲು ನೋವೆಂದು ಕೂತಲ್ಲೇ ಕೂತು ಇಡೀ ಓಣಿ ನಡೆಸುತ್ತಿದ್ದಾರೆ. ಬರುವ ತಿಂಗಳ ರಜೆಗೆ ದಿಲ್ಲಿಯಲ್ಲಿ ಇಳಿದು ರೇಣುಗೆ ಸೈಕಲ್ ಬೂಟು ತರುತ್ತೇನೆ ಅಂದಿದ್ದಿರಲ್ಲ, ಆ ಮಾತು ಕೊನೆಗೆ.

ಫೋನು ಬಿಟ್ಟು ಕಾಗದ ಯಾಕೆ ಅಂತೀರಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಪೂರ್ತಿ ಸಿಟ್ಟಾಗಿರುತ್ತೀರಿ. ಕಾಗದದ ಜೊತೆ ಆ ಅನುಕೂಲವಿಲ್ಲ, ಕೊನೆತನಕ ಓದಲೇಬೇಕು. ಇನ್ನೊಂದು ಕಾರಣ, ಸುಮ್ಮನೆ ಕೂತರೆ ನಿಮಿಷಕ್ಕೆರಡು ಸಲ ಗಡಿಯಾರ ನೋಡುತ್ತೇನೆ. ರೇಣು ಹೊರಟು ಐದು ನಿಮಿಷವಾಯಿತು. ಹನ್ನೆರಡು ಕಿಲೋಮೀಟರು ಹೋಗಿ, ತಿರುಗಿ ಇಲ್ಲಿಗೇ ಬರಬೇಕು. ಮುಕ್ಕಾಲು ತಾಸಿನ ಮಾತು. ಹದಿನೆಂಟು ಹುಡುಗಿಯರು, ನಿಮಿಷಕ್ಕೊಬ್ಬರಂತೆ ಬಿಡುತ್ತಿದ್ದಾರೆ. ಕಡಿಮೆ ಹೊತ್ತಿನಲ್ಲಿ ಬಂದ ನಾಲ್ವರನ್ನು ಡಿಸೆಂಬರಿನಲ್ಲಿ ಕ್ರೀಡಾ ಹಾಸ್ಟೆಲ್ಲಿನ ಕೊನೆಯ ಆಯ್ಕೆಗೆ ಕರೆಯುತ್ತಾರೆ. ಮುಂದಿನ ವರ್ಷಕ್ಕೆ ನಮ್ಮವಳಿಗೆ ವಯಸ್ಸು ಮೀರುತ್ತದೆ, ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಅವಳು ಈಗ ಹತ್ತಿ ಹೋದದ್ದು ನೀವು ರೊಕ್ಕ ಕಳಿಸಿದ ಸೈಕಲ್ಲನ್ನಲ್ಲ. ಅದನ್ನು ಹತ್ತಿ ಬೇರೆ ಹುಡುಗಿ ಹೋಗಿದ್ದಾಳೆ. ನಾನೇ ಹೂಂ ಅಂದೆ.

ಬರೆದುಬಿಟ್ಟೆ. ನೀರು ಕುಡಿದು ಮುಂದೆ ಓದಿ.

ಬೆಳಗಾವಿಯ ಅಂಗಡಿಗೆ ಹೋದ ದಿನ ನಿಮಗೆ ಮೂರು ಸಲ ಫೋನು ಹಚ್ಚಿದ್ದು ನೆನಪಿದೆಯಲ್ಲ? ಅರವತ್ತು ಸಾವಿರ, ಒಂದು ರೂಪಾಯಿ ಹೆಚ್ಚಿಗೆ ಇಲ್ಲ ಎಂದು ನೀವು ಗೆರೆ ಎಳೆದಿದ್ದಿರಿ. ಆ ಗೆರೆಯ ಒಳಗೆ ಅಂಗಡಿಯಲ್ಲಿ ಎರಡೇ ಸೈಕಲ್ಲು. ಒಂದು, ನಲವತ್ತೇಳು ನಂಬರಿನ ಚೌಕಟ್ಟು, ಹದಿನಾರು ಗೇರು, ರಿಮ್ಮಿಗೆ ಕಚ್ಚುವ ಸಾದಾ ಬ್ರೇಕು. ಇನ್ನೊಂದು ನೀಲಿಯದು, ಅದರ ಮುಂದಿನ ಅಳತೆ, ಐವತ್ತೆರಡು ನಂಬರು, ಹದಿನೆಂಟು ಗೇರು, ಡಿಸ್ಕ್ ಬ್ರೇಕು, ಮುಂದಿನ ಗಾಲಿಗೆ ಕಾರ್ಬನ್ನಿನ ಫೋರ್ಕು. ಅರವತ್ತೆಂಟರದ್ದು, ಹೋದ ವರ್ಷದ ಮಾಲು ಅಂತ ಅರವತ್ತಕ್ಕೆ ಇಳಿಸಿದ್ದರು. ಅಂಗಡಿಯ ಸಾಹುಕಾರರು ರೇಣುವನ್ನು ಗೋಡೆಗೆ ನಿಲ್ಲಿಸಿ ಅಳತೆ ಹಿಡಿದು, "ಅಕ್ಕಾರ, ಈಕಿಗಿ ನಲವತ್ತೇಳ ಸರಿ. ಸೈಕಲ್ ಅಂದ್ರ ಅಂಗಿ ಅಲ್ರಿ, ಮುಂದ ಬಿಚ್ಚಿ ಹೊಲ್ಯಾಕ ಬರೂದಿಲ್ಲ" ಅಂದರು. ಇಪ್ಪತ್ತು ವರ್ಷ ಓಣಿಯ ಹುಡುಗಿಯರ ಲಂಗ, ಜಂಪರು ಹೊಲಿದು ಎರಡೆರಡು ಬೆರಳು ಒಳಮಡಿಕೆ ಬಿಟ್ಟ ಕೈ ನನ್ನದು. ನನಗೇ ಅಳತೆ ಹೇಳುತ್ತಾನಲ್ಲ ಈತ ಅನಿಸಿತು. ಫೋನಿನಲ್ಲಿ ನೀವೂ, "ಬೆಳಿಯೂ ಹುಡುಗಿ, ಒಂದ್ ನಂಬರ್ ದೊಡ್ಡದ ಇರಲಿ, ನಾಕ್ ವರ್ಷ ಬರತೈತಿ" ಅಂದಿರಿ. ಒಂದನೇ ಇಯತ್ತೆಯಿಂದ ಬೂಟಿನ ತುದಿಗೆ ಹತ್ತಿ ತುರುಕಿಕೊಂಡು ಸಾಲಿಗೆ ಹೋದ ಹುಡುಗಿ ಅದು. ಅವಳೂ ನೀಲಿಯದರ ಹಿಡಿಕೆಯನ್ನೇ ಹಿಡಿದುಕೊಂಡಳು. ಅಗ್ಗ ಅಂತ ಹಿಗ್ಗಿದೆವು, ಹಿಗ್ಗಿ ಮುಗ್ಗರಿಸಿದೆವು.

ಪೂಜೆಯ ದಿನ ಓಣಿಯೆಲ್ಲ ಬಂದಿತ್ತು. ಕಾಯಿ ಒಡೆಯುವ ಮೊದಲು ಶೆಟ್ಟೆವ್ವ ನನ್ನ ಕೈ ಹಿಡಿದು, "ಗಂಡನ ಹೆಸರ ಹೇಳಿ ಒಡಿ, ಬಿಎ ಓದಿದಾಕಿ ಒಡಪ ಬರೂದಿಲ್ಲ ಅನಬ್ಯಾಡ" ಎಂದು ಕೂತಳು. ಹೇಳಿದೆ:

ಅಗ್ಗಕ್ಕ ಸಿಕ್ಕ ಕುದರಿ, ನೀಲಿ ಬಣ್ಣ ನೋಡ್ರಿ,
ಬಸವಲಿಂಗಪ್ಪನವರ ಮಗಳ ಬಂದ್ಲು, ಹಾದಿ ಬಿಡ್ರಿ!

ಎಲ್ಲರೂ ಹೋ ಎಂದರು. ಅತ್ತೆಯವರೊಬ್ಬರೇ, "ಇಷ್ಟ ರೊಕ್ಕಕ್ಕ ಒಂದ್ ಎಮ್ಮಿ ಬರತಿತ್ತು. ಎಮ್ಮಿ ಹಾಲರ ಕೊಡತೈತಿ, ಇದೇನ್ ಕೊಡತೈತಿ?" ಅಂದರು. ಇದು ಏನು ಕೊಟ್ಟಿತೆಂದು ಈಗ ಬರೆಯುತ್ತೇನೆ. ಮೊದಲು ಅಂಗೈ ಜೋಮು ಕೊಟ್ಟಿತು. ಆಮೇಲೆ ಕುತ್ತಿಗೆ ನೋವು. ಸೀಟು ತಳಕ್ಕೆ ಇಳಿಸಿದರೂ ಹಿಡಿಕೆ ಅವಳಿಗೆ ಅಷ್ಟು ದೂರ. ಬಾವಿಗೆ ಬಗ್ಗಿ ಕೊಡ ಹುಡುಕುವವಳ ಹಾಗೆ ಕಾಣುತ್ತಿದ್ದಳು. ಗೇರು ಜೋರು, ಬ್ರೇಕು ದೂರ. ಇಲ್ಲಿಯ ಹತ್ತು ದಿನದ ಶಿಬಿರಕ್ಕೆಂದು ಉಗರಗೋಳದ ನಿಮ್ಮ ಅಕ್ಕನ ಮನೆಯಲ್ಲಿ ಇಟ್ಟೆನಲ್ಲ, ಎರಡನೆಯ ದಿನವೇ ಗುಡ್ಡದ ಇಳಿಜಾರಿನಲ್ಲಿ ಎದುರಿಗೆ ಟಂಟಂ ಆಟೋ ಬಂತಂತೆ. ಬೆರಳು ಬ್ರೇಕಿಗೆ ಮುಟ್ಟುವುದು ಒಂದು ಗಳಿಗೆ ತಡವಾಯಿತು. ಮೊಳಕೈ ಚರ್ಮ ಕಿತ್ತುಬಂತು, ಮೂಳೆ ಉಳಿಯಿತು. ಫೋನಿನಲ್ಲಿ ನಿಮಗೆ "ಎಲ್ಲಾ ಆರಾಮ್" ಅಂದದ್ದು ನಾನು ಅವಳ ಕೈಗೆ ಪಟ್ಟಿ ಕಟ್ಟುತ್ತಿದ್ದಾಗ. ಸಿಟ್ಟಾಗಬೇಕೆಂದಿದ್ದರೆ ಇದಕ್ಕೇ ಆಗಿ, ಮುಂದಿನದಕ್ಕೆ ಬೇಡ.

ಅಂದಿನಿಂದ ನಾನೂ ಇಲ್ಲೇ ಇದ್ದೇನೆ. ಅಂಗಡಿಗೆ ಫೋನು ಮಾಡಿದೆ. ಬಿದ್ದು ಗೀರಿದ ಸೈಕಲ್ಲು ವಾಪಸು ಇಲ್ಲವೆಂದರು, ತಪ್ಪೇನಿಲ್ಲ. ಆಗ ಸಿಕ್ಕವರು ಬಾಳು ಅಣ್ಣ, ರಾಮದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಮಗಳು ಪೂನಮ್ ರೇಣುನ ವಾರಿಗೆಯವಳೇ, ಆದರೆ ನನಗಿಂತ ಅರ್ಧ ಗೇಣು ಎತ್ತರ. ಅಕ್ಕ ಓಡಿಸಿ ಬಿಟ್ಟ ಹಳೆಯ ಕೆಂಪು ಸೈಕಲ್ಲು ಅವಳದು, ನಲವತ್ತೇಳು ನಂಬರು, ಹದಿನಾಲ್ಕೇ ಗೇರು. ಬಾಳು ಅಣ್ಣ ರೇಣುವನ್ನು ಒಂದು ಸುತ್ತು ನೋಡಿ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ, ನಿಮ್ಮ ಹುಡುಗಿ ಸೈಕಲ್ ಮ್ಯಾಲ ಕುಂತಿಲ್ಲ, ಜೋತಾಡಾಕ ಹತ್ಯಾಳ. ನಮ್ಮಾಕಿದು ನೋಡ್ರಿ, ಮೊಣಕಾಲು ಗದ್ದಕ್ಕ ಬಡಿಯಾಕ ಹತ್ತೈತಿ" ಅಂದರು. ಅಷ್ಟೇ. ಅದಲು ಬದಲಿನ ಮಾತನ್ನು ಆ ಮನುಷ್ಯ ಬಾಯಿಬಿಟ್ಟು ಆಡಲೇ ಇಲ್ಲ. ಆಡಿದವಳು ನಿಮ್ಮ ಮಗಳು: "ಅವ್ವಾ, ನಾಕ್ ದಿನದಿಂದ ನಾವಿಬ್ರೂ ಗುಡ್ಡದ ಹಿಂದ ಹೋಗಿ ಬದಲ್ ಮಾಡ್ಕೊಂಡ ಹೊಡ್ಯಾಕ ಹತ್ತೇವಿ. ಆ ಕೆಂಪಂದು ನನ್ನ ಮಾತ ಕೇಳತೈತಿ."

ಮೂರು ದಿನ ಉಹೂಂ ಅಂದೆ. ನನ್ನ ಸಣ್ಣತನ ನಿಮ್ಮಿಂದ ಮುಚ್ಚಿಡುವುದಿಲ್ಲ. ಇರುವುದು ನಾಲ್ಕು ಜಾಗ. ಎರಡು ವರ್ಷ ಮಂಜಿನಲ್ಲಿ ನಿಂತು ನೀವು ಕೂಡಿಟ್ಟ ರೊಕ್ಕದ ಸೈಕಲ್ಲನ್ನು ನಮ್ಮ ಹುಡುಗಿಯನ್ನು ಹಿಂದೆ ಹಾಕಬಲ್ಲ ಹುಡುಗಿಗೆ ನಾನೇ ಕೈಯಾರೆ ಕೊಡುವುದೇ? ಹದಿನೆಂಟು ಗೇರು ಅವಳಿಗೆ, ಹದಿನಾಲ್ಕು ಇವಳಿಗೆ? ಹಿಂದಿನ ವಾರ ಪೂನಮ್ ಆ ಗುಬ್ಬಿ ಸೈಕಲ್ಲಿನ ಮೇಲೆ ಮುದುಡಿಕೊಂಡೇ ರೇಣುಗಿಂತ ಒಂದು ನಿಮಿಷ ಮುಂದೆ ಬಂದಿದ್ದಳು. ಕಾಲು ಚಾಚಲು ಜಾಗ ಸಿಕ್ಕರೆ ಇನ್ನೆಷ್ಟು ಮುಂದೆ ಹೋದಾಳು ಎಂದು ಲೆಕ್ಕ ಹಾಕಿ ಹಾಕಿ ನನಗೆ ಊಟ ಸೇರಲಿಲ್ಲ.

ಇವತ್ತು ಮುಂಜಾನೆ ರೇಣು ಬೆನ್ನಿಗೆ ಅಂಕಿ ಕಟ್ಟಿಸಿಕೊಂಡು ಬಂದು ನನ್ನೆದುರು ನಿಂತಳು. "ಅವ್ವಾ, ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ನೀಲಿದ ಮ್ಯಾಲ ಹೋದ್ರ ನಾ ಬ್ರೇಕ್ ಹುಡುಕ್ಕೋತ ಹೋಗತೇನಿ. ಕೆಂಪಂದರ ಮ್ಯಾಲ ಹೋದ್ರ ಹಾದಿ ನೋಡ್ಕೋತ ಹೋಗತೇನಿ." ಮೊಳಕೈಯ ಪಟ್ಟಿ ಕಂಡಿತು. ಪೂನಮ್ ಹತ್ತು ಹೆಜ್ಜೆ ದೂರದಲ್ಲಿ, ಕೇಳಿಸಿಯೂ ಕೇಳಿಸದವಳಂತೆ, ತನ್ನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನಾನು ಹೂಂ ಅಂದರೆ ರೇಣು ತುಳಿಯುವ ಚೈನಿಗೆ! ಹೂಂ ಅಂದೆ. ಬಾಳು ಅಣ್ಣ ಎರಡೂ ಸೀಟುಗಳನ್ನು ಹೊಂದಿಸಿಕೊಟ್ಟರು. ನಮ್ಮವಳದು ಏಳನೆಯ ಅಂಕಿ, ಪೂನಮ್‌ದು ಒಂಬತ್ತು. ಎರಡು ನಿಮಿಷದ ಅಂತರ. ಈಗ ಬಾಳು ಅಣ್ಣ ಕಟ್ಟೆಯ ಆ ತುದಿಗೆ, ನಾನು ಈ ತುದಿಗೆ. ನಡುವೆ ಎರಡು ಕಪ್ಪು ಚಹಾ ಆರಿ ತಣ್ಣಗಾಗಿವೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಮಕ್ಕಳು ಗೆಳತಿಯರು, ಕಾಯುವವರು ಏನೆಂದು ನಮಗಿನ್ನೂ ಗೊತ್ತಾಗಿಲ್ಲ.

ಎಂಟೂ ಇಪ್ಪತ್ತೆಂಟು. ಆರು ಹುಡುಗಿಯರು ಬಂದಾಯಿತು. ಇನ್ನು ಬರಬೇಕಾದವಳು ಏಳನೆಯವಳು.

ತಿರುವಿನಲ್ಲಿ ಒಂದು ಸೈಕಲ್ಲು ಕಂಡಿತು. ನೀಲಿ. ನಮ್ಮ ನೀಲಿ. ಕೆಂಪು ಕಾಣಿಸುತ್ತಿಲ್ಲ. ಬಾಳು ಅಣ್ಣ ಎದ್ದು ನಿಂತರು, ಒದರಲಿಲ್ಲ. ನನ್ನ ಕಡೆ ನೋಡಿ ಮತ್ತೆ ಕೂತರು. ಸಹಿ ಮಾಡಿಬಿಡುತ್ತೇನೆ, ಆಮೇಲೆ ಕೈ ಏಳುತ್ತದೋ ಇಲ್ಲವೋ. ಮೈ ಜೋಪಾನ, ಕಿವಿಗೆ ಮಫ್ಲರ್ ಇರಲಿ. ಅತ್ತೆಯವರ ಆಶೀರ್ವಾದ ಇದರಲ್ಲೇ ಬಂತೆಂದು ತಿಳಿಯಿರಿ.

ನಿಮ್ಮ,
ಶೈಲಜಾ

ತಾ.ಕ.: ಅಂಚೆ ಡಬ್ಬಿಯ ಮುಂದೆ ನಿಂತು ಗೀಚುತ್ತಿದ್ದೇನೆ, ಅಕ್ಷರ ಕ್ಷಮಿಸಿ. ನಿಮ್ಮ ಸೈಕಲ್ಲು ಒಂದನೆಯದಾಗಿ ಬಂತು, ನಿಮ್ಮ ಮಗಳು ನಾಲ್ಕನೆಯವಳಾಗಿ ಬಂದಳು. ಐದನೆಯವಳಿಗಿಂತ ಎರಡು ಸೆಕೆಂಡು ಮುಂದೆ! ಹಿಂದಿನ ವಾರ ನೀಲಿಯ ಮೇಲೆ ತೆಗೆದುಕೊಂಡದ್ದಕ್ಕಿಂತ ಮೂರು ನಿಮಿಷ ಕಡಿಮೆ. ಗೆರೆ ದಾಟಿದವಳನ್ನು ಮೊದಲು ಹಿಡಿದುಕೊಂಡವರು ಬಾಳು ಅಣ್ಣ. ಇಬ್ಬರೂ ಡಿಸೆಂಬರಿಗೆ ಹೋಗುತ್ತಾರೆ. ಅಲ್ಲಿಯತನಕ ನೀಲಿ ಸೈಕಲ್ಲು ರಾಮದುರ್ಗದಲ್ಲಿ ಪೂನಮ್ ಹತ್ತಿರ, ಕೆಂಪು ನಮ್ಮ ಪಡಸಾಲೆಯಲ್ಲಿ. ಕೇಳಿ ಮಾಡಲಿಲ್ಲ, ಮಾಡಿ ಹೇಳುತ್ತಿದ್ದೇನೆ. ಇನ್ನು ಬೂಟಿನ ಮಾತು. ಇವತ್ತು ನಾನೇ ಅವಳ ಪಾದ ಹಾಳೆಯ ಮೇಲಿಟ್ಟು ಗೆರೆ ಎಳೆದು ಇದರೊಳಗೆ ಮಡಚಿಟ್ಟಿದ್ದೇನೆ. ಗೆರೆಯ ಆಚೆ ಒಂದು ಎಳೆಯೂ ಬೇಡ.

ಅಂಗಿಗಿರಲಿ ಎರಡ ಬೆರಳ ಮಡಿಕಿ, ಕಾಲಿಗ್ಯಾಕ, ಬಿಡ್ರಿ,
ಬಸವಲಿಂಗಪ್ಪನವರ, ಬೂಟ ಮೂವತ್ತೇಳ ನಂಬರಿಂದ ತರ್ರಿ!