ವಾಲ್ಯೂಮ್ ಇಲ್ಲದ ಮೆರವಣಿಗೆ

ಸೋಮವಾರ, ಮೇ 11. ಬೆಳಿಗ್ಗೆ

ಹಾಲು ಕುಡಿಸಿದ್ದಾಯಿತು. ತೇಗೂ ಬಂತು. ಮಗು ಆಗಲೇ ನನ್ನ ತೋಳಿನ ಮೇಲೆ ಬಾಯಿ ತೆರೆದು ಮಲಗಿದೆ. ನನಗೆ ನಿದ್ದೆ ಇಲ್ಲ. ಪರದೆ ಎಳೆದರೂ ಬೆಳಕು ಒಳಗೇ ಇರುತ್ತದೆ. ಮೇ ತಿಂಗಳಲ್ಲಿ, ಧ್ರುವದ ಹತ್ತಿರದ ನಮ್ಮ ಬೂಡೊ ಊರಿನಲ್ಲಿ ರಾತ್ರಿ ಅನ್ನುವುದು ಹೆಸರಿಗೆ ಮಾತ್ರ. ಕೇಳಿದವರಿಗೆ ಅದೇ ನೆಪ ಹೇಳುತ್ತಿದ್ದೇನೆ — ಬೆಳಕಿಗೆ ನಿದ್ದೆ ಬರ್ತಿಲ್ಲ ಅಂತ.

ಟಿ.ವಿ. ಹಾಕಿದೆ. ಸಾರ್ವಜನಿಕ ಚಾನೆಲ್. ಭಾನುವಾರ ಹದಿನೇಳು, ರಾಷ್ಟ್ರೀಯ ದಿನ. ಅಲ್ಲಿಯ ತನಕ ದಿನಕ್ಕೊಂದು ದೊಡ್ಡ ಕಾರ್ಯಕ್ರಮವಂತೆ. ಇವತ್ತು ರೈಲು. ಎಂಜಿನ್ ಮೂತಿಗೆ ಕ್ಯಾಮೆರಾ ಕಟ್ಟಿ ಬಿಟ್ಟಿದ್ದಾರೆ, ಅಷ್ಟೇ. ಹಳಿ. ಹಿಮ. ಹಳಿ. ಒಂದು ಕೆಂಪು ಮನೆ. ಯಾರೂ ಏನೂ ಹೇಳುವುದಿಲ್ಲ. ನೋಡುತ್ತಾ ಕೂತರೆ ಏಳಲಾಗುವುದಿಲ್ಲ.

ಸುರಂಗಕ್ಕೆ ಮುಂಚೆ ರೈಲು ಕೂಗಿತು. ವಾಲ್ಯೂಮ್ ಏರಿಸಿಯೇ ಇಟ್ಟಿದ್ದೆ. ನಾನೇ ಬೆಚ್ಚಿದೆ. ತೋಳಿನ ಮೇಲಿದ್ದ ಈಡುನ್‌ಳ ರೆಪ್ಪೆ ಅಲುಗಲಿಲ್ಲ.

ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಹುಟ್ಟಿದ ಮರುದಿನ ಆಸ್ಪತ್ರೆಯಲ್ಲಿ ಅವಳ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಪರೀಕ್ಷೆ ಮಾಡಿದರು. ಎರಡೂ ಕಿವಿಯಿಂದ ಉತ್ತರ ಬರಲಿಲ್ಲ. "ಒಳಗೆ ನೀರು ನಿಂತಿರುತ್ತೆ, ಎಷ್ಟೋ ಮಕ್ಕಳಿಗೆ ಹೀಗೇನೇ, ಗಾಬರಿ ಆಗ್ಬೇಡಿ" ಅಂದರು ನರ್ಸ್. ಆಮೇಲೆ ಇನ್ನೊಂದು ಸಲ ನೋಡಿದಾಗಲೂ ಇಲ್ಲ. ಬರುವ ಸೋಮವಾರ ದೊಡ್ಡ ಟೆಸ್ಟ್. ಅವತ್ತು ಖಚಿತವಾಗಿ ಹೇಳುತ್ತಾರೆ. ಗೊತ್ತಿರುವುದು ನನಗೆ ಮತ್ತು ನನ್ನ ಗಂಡ ಶೆಟಿಲ್‌ಗೆ. ಅವನೋ ಸಮುದ್ರದ ನಡುವೆ, ಎಣ್ಣೆ ತೆಗೆಯುವ ಕಟ್ಟೆಯ ಮೇಲೆ. ಪಾಳಿ ಮುಗಿಸಿ ಬರುವುದು ಟೆಸ್ಟಿನ ಮರುದಿನ. ಅತ್ತೆಗೆ ಹೇಳಿಲ್ಲ. ಬಾಯಿಬಿಟ್ಟು ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಅಂತ.

ಕಾಲೇಜಿನಲ್ಲಿ ಕಾಡ್ ಮೀನಿನ ಕಿವಿಗಲ್ಲಿನ ಮೇಲೆ ಪ್ರಬಂಧ ಬರೆದವಳು ನಾನು. ಮೀನಿನ ತಲೆ ಸೀಳಿ, ಕಿವಿಯೊಳಗಿನ ಬಿಳಿ ಕಲ್ಲು ತೆಗೆದು, ಉಂಗುರ ನೋಡಿ ವಯಸ್ಸು ಹೇಳುತ್ತಿದ್ದೆ. ಈ ಪುಟ್ಟ ಕಿವಿಯ ಮುಂದೆ ಏನೂ ಗೊತ್ತಿಲ್ಲದವಳಾಗಿ ಕೂತಿದ್ದೇನೆ.

ಸುರಂಗ ಮುಗಿಯಿತು. ಒಮ್ಮೆಲೇ ಬೆಳ್ಳಗೆ, ಇಡೀ ಪರದೆ ಪರ್ವತ. ಅಬ್ಬಾ ಅಂದೆ, ಒಬ್ಬಳೇ, ಜೋರಾಗಿ.

ಮಂಗಳವಾರ, ಮೇ 12

ಇವತ್ತು ಕಡಲಹಕ್ಕಿಗಳು. ನೇರ ಪ್ರಸಾರ. ಬಂಡೆಯ ಗೋಡೆ ತುಂಬ ಬಿಳಿ ಬಿಳಿ, ಒಂದರ ಪಕ್ಕ ಒಂದು, ಎಲ್ಲವೂ ಕಿರುಚುತ್ತಾ. ಮೀನಿಗೆ ಹೋದ ಹಕ್ಕಿ ಹಿಂತಿರುಗಿ ಬಂದರೆ ಆ ಗದ್ದಲದಲ್ಲೂ ತನ್ನ ಜೋಡಿಯ ಕೂಗು ಗುರುತು ಹಿಡಿಯುತ್ತದಂತೆ. ಒಂದೇ ಒಂದು ಕೂಗು, ಅಷ್ಟು ಸಾವಿರದಲ್ಲಿ. ಮೈ ಜುಮ್ಮೆಂದಿತು. ಮರುಗಳಿಗೆ ಟಿ.ವಿ. ಆರಿಸಿದೆ.

ಶೆಟಿಲ್ ಫೋನ್ ಮಾಡಿದ. ಅವರ ಊಟದ ಕೋಣೆಯಲ್ಲೂ ಇದೇ ಚಾನೆಲ್.

"ಏನಮ್ಮಾ ಮೀನು ಪ್ರೊಫೆಸರ್, ಹಕ್ಕಿ ನೋಡಿದ್ಯಾ? ಇಲ್ಲಿ ಬಾಜಿ ಕಟ್ಟಿದಾರೆ, ಯಾವ ಮೊಟ್ಟೆ ಮೊದ್ಲು ಉರುಳುತ್ತೆ ಅಂತ."

"ನಿಮಗೆಲ್ಲ ಕೆಲ್ಸ ಇಲ್ವಾ?"

"ಇದೆ, ಮಾಡ್ತಿಲ್ಲ." ಆಮೇಲೆ ದನಿ ತಗ್ಗಿಸಿದ. "ಇಂಗ್ವಿಲ್... ಏನಾದ್ರೂ...?"

"ಇಲ್ಲ."

"ನಿದ್ದೆ ಮಾಡು ಕಣೇ."

"ಹ್ಞೂಂ."

ಬುಧವಾರ, ಮೇ 13. ಸಂಜೆ

ಇವತ್ತು ಹೆಣಿಗೆ. ಕುರಿಯ ಉಣ್ಣೆ ಕತ್ತರಿಸುವುದರಿಂದ ಹಿಡಿದು ಸ್ವೆಟರ್ ಮುಗಿಯುವ ತನಕ, ಅಲ್ಲಿಯೇ, ನೇರ ಪ್ರಸಾರ. ನೋಡಲೆಂದೇ ಅತ್ತೆ ಬೋರ್ಗ್‌ಹಿಲ್ ಬಂದರು, ತಮ್ಮ ಉಣ್ಣೆ ಚೀಲ ಮತ್ತು ಏಲಕ್ಕಿ ಬನ್ನು ಹಿಡಿದು.

"ಅಯ್ಯೋ, ಅದೇನು ನೂಲಾ, ಹಗ್ಗಾನಾ? ಹಡಗು ಕಟ್ಟಬಹುದು ಅದ್ರಲ್ಲಿ!" ಟಿ.ವಿ.ಯವರಿಗೆ ಬೈಯುತ್ತಾ ತಾವೂ ಹೆಣೆದರು. ಚಿಕ್ಕಂದಿನಲ್ಲಿ ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊಡೆದವರು. ಕೈ ಈಗಲೂ ಹಾಗೇ, ಗಟ್ಟಿ.

ಈಡುನ್ ಹೊರಗೆ, ಮನೆ ಮುಂದೆ ತಳ್ಳುಗಾಡಿಯಲ್ಲಿ ಮಲಗಿದ್ದಳು, ಉಣ್ಣೆಯಲ್ಲಿ ಸುತ್ತಿಕೊಂಡು, ಮೂಗು ಮಾತ್ರ ಕಾಣುವಂತೆ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಮಲಗುವುದು ಹಾಗೇ. ನಾನು, ಶೆಟಿಲ್, ಅತ್ತೆ, ಎಲ್ಲರೂ. ಬೀದಿಯಲ್ಲಿ ರಸ್ತೆ ಅಗೆಯುವ ಯಂತ್ರ ಗಡಗಡ ಅನ್ನುತ್ತಿತ್ತು. ಎದುರು ಮನೆಯವಳು ಗಾಡಿಯೊಳಗೆ ಬಗ್ಗಿ ನೋಡಿ ನಮ್ಮ ಕಿಟಕಿಗೆ ಬಂದಳು. "ಎಂಥಾ ಮಗು ರೀ ನಿಮ್ದು! ಈ ಗಲಾಟೆಯಲ್ಲೂ ಎಷ್ಟು ಚೆನ್ನಾಗಿ ಮಲಗಿದೆ! ನನ್ನೋನು ಸೊಳ್ಳೆಗೂ ಏಳ್ತಾನೆ."

ಎಲ್ಲರೂ ಹೀಗೇ ಹೊಗಳುತ್ತಾರೆ. ಗಾಡಿಯಲ್ಲಿ ಗಟ್ಟಿ ನಿದ್ದೆ ಮಾಡುವ ಮಗು ಅಂದರೆ ತಾಯಿಗೆ ಪದಕ ಕೊಟ್ಟ ಹಾಗೆ. ನಾನೂ ಏಳು ವಾರ ಆ ಪದಕ ಹಾಕಿಕೊಂಡು ತಿರುಗಿದೆ. ನಗುತ್ತಾ "ಹೌದು ಅಲ್ವಾ" ಅಂದೆ. ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತೆ.

ಆಮೇಲೆ ಮಗುವನ್ನು ಒಳಗೆ ತಂದು ಸೋಫಾದ ಮೇಲೆ ಮಲಗಿಸಿದೆ. ಅತ್ತೆ ಕಾಫಿ ತರುತ್ತಾ ಪಾತ್ರೆಯ ಮುಚ್ಚಳ ಬೀಳಿಸಿದರು. ಮಗುವಿನ ತಲೆಯ ಹತ್ತಿರವೇ. ಠಣ್ಣೆಂದಿತು. ಅವಳು ಮಲಗಿಯೇ ಇದ್ದಳು. ಅತ್ತೆ ಬಗ್ಗಿ ಎತ್ತಿಕೊಂಡರು — ಮತ್ತೆ ಬಿತ್ತು.

"ಕೈ ನೆಟ್ಟಗಿಲ್ಲ ಇವತ್ತು" ಅಂದರು. ಹೆಣಿಗೆ ಕೈಗೆತ್ತಿಕೊಂಡರು. ಹೊರಡುವ ತನಕ ನೂಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಗುರುವಾರ, ಮೇ 14

ಕೇಳಿಸಿತು! ಅವಳಿಗೆ ಕೇಳಿಸಿತು!

ಕ್ರಿಸ್ತ ಸ್ವರ್ಗಕ್ಕೇರಿದ ದಿನ ಇವತ್ತು, ರಜೆ, ಟಿ.ವಿ.ಯಲ್ಲಿ ಚರ್ಚಿನ ಪ್ರಾರ್ಥನೆ. ಎಲ್ಲೋ ಒಳನಾಡಿನ ಮರದ ಚರ್ಚು, ಬೆಂಚುಗಳಲ್ಲಿ ನಾಲ್ಕಾರು ಜನ. ಸ್ಪೀಕರ್ ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತಿದ್ದೆ, ಮಗು ಎದೆಯ ಮೇಲೆ. ಆರ್ಗನ್ ಶುರುವಾಯಿತು. ಆ ಕೆಳಗಿನ ದಪ್ಪ ಸ್ವರ ಬಂತಲ್ಲ — ಈಡುನ್ ಕಣ್ಣು ಇಷ್ಟಗಲ ಮಾಡಿದಳು. ಉಸಿರು ಹಿಡಿದಳು. ಸ್ವರ ನಿಂತಾಗ ಹುಡುಕುವವಳ ಹಾಗೆ ತಲೆ ಆಡಿಸಿದಳು. ಮತ್ತೆ ಬಂತು, ಮತ್ತೆ ಅದೇ ಕಣ್ಣು!

ದೇವರನ್ನು ನಂಬುವವಳಲ್ಲ ನಾನು. ಆದರೂ ಕೈ ಜೋಡಿಸಿಕೊಂಡೇ ಕೂತಿದ್ದೆ, ಮುಗಿಯುವ ತನಕ.

ಶೆಟಿಲ್‌ಗೆ ಫೋನ್ ಮಾಡಿದೆ. ಅವನು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಿದ್ದು ಕೇಳಿಸಿತು. "ಲೇ, ನನ್ ಮಗ್ಳಿಗೆ ಕೇಳ್ಸತ್ತೆ ಕಣ್ರೋ!" ಚಪ್ಪಾಳೆ. ಯಾರೋ ತಟ್ಟೆ ಬಡಿದರು.

ಶುಕ್ರವಾರ, ಮೇ 15

ಸ್ಪೀಕರ್ ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಸದ್ದಿಗೆ ಪೆಟ್ಟಿಗೆಯೇ ನಡುಗುತ್ತದೆ. ನೆಲದ ಹಲಗೆಯೂ.

ಅದೇ ಪ್ರಾರ್ಥನೆ ಮತ್ತೆ ಹಾಕಿದೆ. ಮಗುವನ್ನು ದೂರ, ಹಾಸಿಗೆಯ ಮೇಲೆ ಇಟ್ಟೆ. ಅದೇ ಆರ್ಗನ್, ಅದಕ್ಕಿಂತ ಜೋರು. ಅವಳು ತನ್ನ ಪಾಡಿಗೆ ಕಿಟಕಿ ಪರದೆಯ ಅಂಚು ನೋಡುತ್ತಾ ಮಲಗಿದ್ದಳು.

ಮೀನಿನ ಮೈಗೂ ನೀರಿನ ನಡುಕ ಗೊತ್ತಾಗುತ್ತದೆ. ನಾನೇ ಬರೆದಿದ್ದೆ, ಪ್ರಬಂಧದಲ್ಲಿ.

ಶೆಟಿಲ್ ಎರಡು ಸಲ ಫೋನ್ ಮಾಡಿದ. ತೆಗೆಯಲಿಲ್ಲ.

ಭಾನುವಾರ, ಮೇ 17

ನಿನ್ನೆ ಏನೂ ಬರೆಯಲಾಗಲಿಲ್ಲ. ಇವತ್ತಿನದು ಬಿಡಬಾರದು.

ಬೆಳಗ್ಗೆ ಅತ್ತೆ ಬಂದರು. ಊರಿನ ಉಡುಪು, ಬೆಳ್ಳಿ ಗುಂಡಿ ಎಲ್ಲ ಹಾಕಿಕೊಂಡು, ಕೋಟಿಗೆ ರಿಬ್ಬನ್. ನಾನು ಇನ್ನೂ ರಾತ್ರಿಯ ಬಟ್ಟೆಯಲ್ಲೇ.

"ಏಳು, ಏಳು. ಮಕ್ಕಳ ಮೆರವಣಿಗೆ ಹೊರಡೋ ಹೊತ್ತಾಯ್ತು. ಈಡುನ್‌ಗೆ ಮೊದಲ್ನೇ ಹದಿನೇಳು!"

"ಬೇಡ ಅತ್ತೆ. ಗಲಾಟೆ. ಮಗೂಗೆ... ಬ್ಯಾಂಡು, ಡೋಲು..."

ಹೇಳಿದ ಮೇಲೆ ನನ್ನ ಸುಳ್ಳು ನನಗೇ ಕೇಳಿಸಿತು. ಅತ್ತೆ ಕೂತರು. ನನ್ನ ಕೈಯಲ್ಲಿದ್ದ ರಿಮೋಟ್ ತೆಗೆದುಕೊಂಡರು.

"ಬುಧವಾರ ಮುಚ್ಚಳ ಬಿತ್ತಲ್ಲ. ಮೊದಲ್ನೇ ಸಲ ಕೈ ಜಾರ್ತು. ಎರಡನೇ ಸಲ ನಾನೇ ಕೆಡವಿದೆ."

ನಾನು ಮಗುವಿನ ಹೊದಿಕೆ ಸರಿಮಾಡಿದೆ.

"ಹುಡುಗೀ, ನಾನೇನು ಕಲ್ಲಾ? ಒಬ್ಬಳೇ ಹೊತ್ಕೊಂಡು ಕೂತಿದೀಯಲ್ಲ ಇದನ್ನ!"

ಅತ್ತುಬಿಟ್ಟೆ. ಆ ಬೆಳ್ಳಿ ಗುಂಡಿಗಳ ಮೇಲೇ. ಅವರು ತಟ್ಟಿದರು ಬೆನ್ನನ್ನ, ಡೋಲು ತಟ್ಟಿದ ಹಾಗೆ, ಜೋರಾಗಿ. ನೋವಾಯಿತು ಕೂಡ. ನಾಳೆ ಟೆಸ್ಟ್ ಅಂದೆ. "ನಾನೂ ಬರ್ತೀನಿ" ಅಂದರು, ಅಷ್ಟೇ. ಆಮೇಲೆ ರಿಮೋಟ್ ಒತ್ತಿ ಚಾನೆಲ್ ಬದಲಿಸಿದರು. "ಇದೇ ಮೆರವಣಿಗೇನ ಇನ್ನೊಂದ್ರಲ್ಲಿ ಕಿವಿ ಕೇಳದವರ ಕೈಮಾತಲ್ಲಿ ತೋರಿಸ್ತಾರೆ. ಮೂರು ದಿನದಿಂದ ಆ ಚಾನೆಲ್ಲನ್ನೇ ನೋಡ್ತಿದೀನಿ."

ವಾಲ್ಯೂಮ್ ಪೂರ್ತಿ ಇಳಿಸಿದರು.

ದೇಶದ ಉತ್ತರದ ತುದಿಯಿಂದ ಶುರು. ಹಿಮ ಬೀಳುತ್ತಿದೆ, ಮಕ್ಕಳು ಕೈಗವಸು ಹಾಕಿಕೊಂಡು ತುತ್ತೂರಿ ಊದುತ್ತಿದ್ದಾರೆ. ದಕ್ಷಿಣದಲ್ಲಿ ಸೇಬಿನ ಮರ ಹೂಬಿಟ್ಟಿದೆ, ಐಸ್‌ಕ್ರೀಮು. ಒಂದು ದ್ವೀಪ, ಇಡೀ ಶಾಲೆಗೆ ಮೂರು ಮಕ್ಕಳು, ಮೂವರೂ ಬಾವುಟ ಹಿಡಿದು ಹೊರಟಿದ್ದಾರೆ, ಹಿಂದೆ ಒಂದು ನಾಯಿ. ಪರದೆಯ ಒಂದು ಮೂಲೆಯಲ್ಲಿ ಕೈಮಾತಾಡುವ ಹೆಂಗಸು, ಕಪ್ಪು ಬಟ್ಟೆ. ಬ್ಯಾಂಡು ಬಂದಾಗ ಅವಳು ಸುಮ್ಮನೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಇಲ್ಲ! ಕೆನ್ನೆ ಉಬ್ಬಿತು, ಭುಜ ಕುಣಿಯಿತು, ಬೆರಳಿಂದ ತುತ್ತೂರಿ ಹೊರಟಿತು, ಎದೆಯ ಮುಂದೆ ಡೋಲು ಬಿತ್ತು. ರಾಷ್ಟ್ರಗೀತೆ ಬಂದಾಗ ಎರಡು ಕೈಯಲ್ಲಿ ಬೆಟ್ಟ ಎದ್ದು, ಕೆಳಗೆ ಸಮುದ್ರ ಬಂದು ಬಡಿಯಿತು. ಚಿಕ್ಕಂದಿನಿಂದ ಹಾಡಿದ್ದೇನೆ ಆ ಹಾಡು. ನೋಡಿದ್ದು ಇವತ್ತೇ.

"ಇಂಗ್ವಿಲ್," ಅತ್ತೆ ಪಿಸುಗುಟ್ಟಿದರು. ಯಾಕೆ ಪಿಸುಗುಟ್ಟಿದರೋ. "ಮಗೂನ ನೋಡು."

ಈಡುನ್ ನೋಡುತ್ತಿದ್ದಳು. ಮೆರವಣಿಗೆಯನ್ನಲ್ಲ, ಆ ಕೈಗಳನ್ನು. ಕೈ ಏರಿದರೆ ಕಣ್ಣು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಪರದೆಯ ಬಣ್ಣಕ್ಕೇ ಇರಬಹುದು, ಮಕ್ಕಳು ಅಲುಗುವುದನ್ನೆಲ್ಲ ನೋಡುತ್ತವೆ, ನನಗೆ ಗೊತ್ತು. ಶುಕ್ರವಾರ ಕಲಿತಿದ್ದೇನೆ. ಆದರೂ — ಇಷ್ಟು ದಿನ ನಾನು ಅವಳ ಕಿವಿ ನೋಡುತ್ತಿದ್ದೆ. ಕಣ್ಣು ಇಂಥದ್ದೆಂದು ನೋಡಿರಲೇ ಇಲ್ಲ.

ಮೆರವಣಿಗೆ ನಮ್ಮ ಬೀದಿಗೂ ಬಂತು. ಹೊರಗೆ ಬಂದೆವು. ದೊಡ್ಡ ಡೋಲಿನವನು ಹತ್ತಿರ ಬಂದಾಗ ಅತ್ತೆ ಮಗುವನ್ನು ನನ್ನಿಂದ ತೆಗೆದು ತಮ್ಮ ಎದೆಗೆ ಒತ್ತಿ ಹಿಡಿದರು. "ಡೋಲು ಕಿವಿಗಲ್ಲ ಕಣೇ, ಹೊಟ್ಟೆಗೆ ಕೇಳ್ಸೋದು. ನಂಗೊತ್ತಿಲ್ವಾ?"

ಧಂ. ಅವಳ ಕಣ್ಣು ಅಗಲವಾಯಿತು. ಗುರುವಾರದ ಹಾಗೇ.

ಮಧ್ಯಾಹ್ನ ಶೆಟಿಲ್‌ಗೆ ಎಲ್ಲ ಹೇಳಿದೆ. ಆರ್ಗನ್, ಪೆಟ್ಟಿಗೆ, ನಡುಕ, ಕೈಗಳು. ಪೂರ್ತಿ ಕೇಳಿಸಿಕೊಂಡ. ಆಮೇಲೆ "ಯಾವ ಚಾನೆಲ್ ಅದು?" ಅಂದ.

ಸೋಮವಾರ, ಮೇ 18

ಅವಳ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿದರು. ಮಗು ಮಲಗಿರಬೇಕಂತೆ. ಮಲಗಿತು. "ಒಳ್ಳೇ ನಿದ್ದೆಬುರುಕಿ" ಅಂದರು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಇದೂ ಒಂದು ಸ್ಕ್ರೀನ್. ಅಲೆ ಏಳಬೇಕಾದ ಕಡೆ ಗೆರೆ ಚಪ್ಪಟೆ. ಶಬ್ದ ಏರಿಸಿದರು. ಚಪ್ಪಟೆ. ಮತ್ತೆ ಏರಿಸಿದರು.

ಎರಡೂ ಕಡೆ. ತುಂಬ ಜೋರು ಸದ್ದಿಗೂ ಇಲ್ಲ. ಡಾಕ್ಟರ್ ನಿಧಾನವಾಗಿ ಹೇಳಿದರು. ಮುಂದೆ ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಇಡಬಹುದು, ಆ ವಿಷಯ ಆಮೇಲೆ ಮಾತಾಡೋಣ ಅಂದರು. ತಂದೆ ತಾಯಿಗೆ ಕೈಮಾತಿನ ತರಗತಿ ಇದೆ.

"ಅಜ್ಜಿಗೆ?" ಅಂದರು ಅತ್ತೆ.

"ಅಜ್ಜಿಗೂ ಇದೆ."

"ಸರಿ. ಬೆಳಗ್ಗೆ ಇಡಿ. ಮಧ್ಯಾಹ್ನ ನಂಗೆ ತೂಕಡಿಕೆ."

ಡಾಕ್ಟರ್ ನಕ್ಕರು. ನಾನೂ. ಬರುವಾಗ ಕಾರಿನಲ್ಲಿ ಅತ್ತೆ ಅತ್ತರು, ನಾನು ಗಾಡಿ ಓಡಿಸಿದೆ. ಕಡಲು ತುಂಬ ಬಿಸಿಲು. ಮನೆಗೆ ಬಂದು ಮಲಗಿದೆ. ನಿದ್ದೆ ಬಂತು. ವಿಚಿತ್ರ.

ಮಂಗಳವಾರ, ಮೇ 19

ಶೆಟಿಲ್ ಬಂದ. ಸೋಫಾದಲ್ಲಿ ಕೂತು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಈಡುನ್, ಎಚ್ಚರ. ಬಾಗಿಲಲ್ಲೇ ನಿಂತು ಅಭ್ಯಾಸದಂತೆ "ಈಡುನ್!" ಅಂದ. ಅವಳು ಚಾವಣಿ ನೋಡುತ್ತಿದ್ದಳು. ಅವನ ಮುಖ ಇಳಿಯಿತು, ಒಂದೇ ಗಳಿಗೆ. ಚೀಲ ಕೆಳಗಿಟ್ಟ.

"ಹದಿನೇಳನೇ ತಾರೀಕು ಸಂಜೆ ಊಟದ ಕೋಣೇಲಿ ಆ ಚಾನೆಲ್ ಹಾಕ್ಸಿದೆ. ವಾಲ್ಯೂಮ್ ತೆಗೆದು. ಮೊದ್ಲು ಎಲ್ರೂ ಬೈದ್ರು. ಆಮೇಲೆ ಯಾರೂ ಎದ್ದು ಹೋಗ್ಲಿಲ್ಲ ಕಣೇ. ಅಡುಗೆಯವನೂ ಬಂದು ನಿಂತ. ಕಿವಿ ಕೇಳದವರ ಚಪ್ಪಾಳೆ ಹ್ಯಾಗೆ ಗೊತ್ತಾ? ಎಲ್ರೂ ಕಲಿತಿದೀವಿ. ಹೊರಡೋವಾಗ ಇಡೀ ಪಾಳಿ ನಿಂತು ಮಾಡಿ ಕಳಿಸ್ತು, ಇವಳಿಗೆ ಮುಟ್ಟಿಸು ಅಂತ."

ಈಗ ಅವಳ ಮುಂದೆ ಮಂಡಿಯೂರಿದ್ದಾನೆ. ಎರಡೂ ಕೈ ಮೇಲೆತ್ತಿದ್ದಾನೆ, ಎಣ್ಣೆ ಹತ್ತಿದ ಉಗುರು, ಬೆರಳೆಲ್ಲ ಬಿಡಿಸಿ ಅಲುಗಿಸುತ್ತಿದ್ದಾನೆ, ಗಾಳಿಗೆ ಎಲೆ ಅಲುಗಿದ ಹಾಗೆ. ಸದ್ದೇ ಇಲ್ಲ. ಇಡೀ ಸಮುದ್ರದ ಚಪ್ಪಾಳೆ.

ಈಡುನ್ ಚಾವಣಿ ಬಿಟ್ಟಳು. ಕೈ ನೋಡಿದಳು. ಕೈಯಿಂದ ಅವನ ಮುಖಕ್ಕೆ. ನೋಡುತ್ತಲೇ ಇದ್ದಾಳೆ. ಈಗ ಅವಳ ತುಟಿ ನಗುವಿಗೆ ಅರಳಿ —