ಎಡಗೈ ಕಾಜಾ

ಜನವರಿ ೨೧, ಬುಧವಾರ
ಅಂಗಡಿಯ ಮೇಲಿನ ಕೋಣೆಯಿಂದ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾನು ಆರೋಗ್ಯವಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಕಾಗದ ಬರೆಯಲು ತಡವಾಯಿತು, ಮನ್ನಿಸು. ತಡ ಎಂದರೆ ಐದು ವರ್ಷ. ಇಷ್ಟು ತಡ ಮಾಡಿದ ಟೇಲರನ್ನು ನಾನಾಗಿದ್ದರೂ ಬೈಯುತ್ತಿದ್ದೆ, ನೀನೂ ಬೈಯಬಹುದು.

ಮೊದಲು ಸುದ್ದಿ ಕೇಳು. ನಾನೊಂದು ನಾಯಿ ಸಾಕಿದ್ದೇನೆ. ನಗಬೇಡ. ನೀನು ಮದುವೆಯಾಗಿ ಹೋದ ವರ್ಷ ಅಂಗಡಿ ಬಾಗಿಲಿಗೆ ಬಂದ ಬೀದಿ ಮರಿ. ಅಳತೆಯ ಟೇಪು, ನನ್ನ ಚಪ್ಪಲಿ, ಗಿರಾಕಿಯ ಹೊಸ ಪ್ಯಾಂಟಿನ ಒಂದು ಕಾಲು, ಕಂಡದ್ದನ್ನೆಲ್ಲ ತುಂಡು ಮಾಡಿದ್ದಕ್ಕೆ ಕತ್ತರಿ ಎಂದು ಹೆಸರಿಟ್ಟೆ. ಈಗ ಅದರ ಶಿಸ್ತು ನೋಡಬೇಕು ನೀನು. ಒಂದು ಚಿಟಿಕೆ ಹೊಡೆದರೆ ಕೂರುತ್ತದೆ, ಎರಡು ಹೊಡೆದರೆ ಏಳುತ್ತದೆ. ನಿನಗೆ ಕೂಡ ನಾನು ಇಷ್ಟು ಚೆನ್ನಾಗಿ ಏನನ್ನೂ ಕಲಿಸಲಿಲ್ಲ, ಹೊಲಿಗೆಯೊಂದನ್ನು ಬಿಟ್ಟು.

ನೀರಿನ ಟ್ಯಾಂಕಿನ ಹಿಂದೆ ಪಾರ್ಕಿದೆಯಲ್ಲ, ಬೆಳಿಗ್ಗೆ ಆರಕ್ಕೆ ಅಲ್ಲಿ ನಾಯಿಯವರೆಲ್ಲ ಸೇರುತ್ತೇವೆ. ಅಲ್ಲಿನ ಪದ್ಧತಿಯೇ ಬೇರೆ. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಕೆಲಸ, ಸಂಬಳ, ಮನೆತನ ಯಾವುದೂ ಬೇಡ. ಹೊಟ್ಟೆ ಸರಿಯಿದೆಯಾ ಎಂದು ಕೇಳುತ್ತಾರೆ, ಅದೂ ನಾಯಿಯದ್ದು. ನಮ್ಮನ್ನೆಲ್ಲ ನಾಯಿಯ ಹೆಸರಿನಿಂದಲೇ ಗುರುತಿಸುವುದು. ನಿವೃತ್ತ ಜಡ್ಜೊಬ್ಬರು ಸೊಂಟದೆತ್ತರದ ಜಾತಿನಾಯಿ ತರುತ್ತಾರೆ, ಅದರ ಹೆಸರು ಚಿನ್ನು. ಹಾಗಾಗಿ ಎಷ್ಟೋ ಜನರನ್ನು ಜೈಲಿಗೆ ಕಳಿಸಿದ ಆ ದೊಡ್ಡ ಮನುಷ್ಯರು ಅಲ್ಲಿ ಬರೀ ಚಿನ್ನು ಅಪ್ಪ. ಮೊದಲೆಲ್ಲ ನನ್ನ ಬೀದಿನಾಯಿ ಕಂಡರೆ ಚಿನ್ನುವನ್ನು ಆಚೆಗೆ ಎಳೆದುಕೊಳ್ಳುತ್ತಿದ್ದರು. ಈಗ ನಾನು ಚಿಟಿಕೆ ಹೊಡೆಯುವುದನ್ನು ನೋಡಿ, ಚಿನ್ನುಗೂ ಸ್ವಲ್ಪ ಹೇಳಿಕೊಡಿ ಕತ್ತರಿಯಪ್ಪ ಎಂದು ಕೇಳಿದ್ದಾರೆ. ಅವತ್ತು ಮನೆಗೆ ಬರುವಾಗ ನನ್ನ ಅಂಗಿ ಎದೆಯ ಹತ್ತಿರ ಸ್ವಲ್ಪ ಬಿಗಿಯಾಗಿತ್ತು.

ಜೂನ್ ತಿಂಗಳಲ್ಲಿ ಹೊಸಬನೊಬ್ಬ ಬರತೊಡಗಿದ. ಅವನ ನಾಯಿ ಬೂದಿ ಬಣ್ಣದ್ದು, ಹೆಸರೂ ಬೂದಿ, ನೆರಳು ಕಂಡರೂ ಹೆದರುವ ಪ್ರಾಣಿ. ಬೂದಿಯಪ್ಪನದು ಮಾತು ಕಡಿಮೆ. ನನ್ನ ಮಂಡಿ ತೊಂದರೆ ಕೊಡುತ್ತದೆಂದು ಎರಡೇ ದಿನದಲ್ಲಿ ಅವನಿಗೆ ತಿಳಿಯಿತು. ಕೈ ಹಿಡಿಯಲು ಬರಲಿಲ್ಲ. ಹಿಡಿದಿದ್ದರೆ ಬೈಸಿಕೊಳ್ಳುತ್ತಿದ್ದ. ಅರ್ಧ ಹೆಜ್ಜೆ ಹಿಂದೆ, ಎಡವಿದರೆ ಸಿಗುವಷ್ಟು ಹತ್ತಿರದಲ್ಲಿ, ಏನೂ ಗೊತ್ತಿಲ್ಲದವನ ಹಾಗೆ ನಡೆಯುತ್ತಿದ್ದ. ಇಂಥವನು ಅಳಿಯನಾಗಿ ಸಿಕ್ಕ ಮನುಷ್ಯ ಪುಣ್ಯವಂತ ಎಂದು ನಾನೇ ಒಂದು ದಿನ ಜಡ್ಜರ ಹತ್ತಿರ ಹೇಳಿದ್ದೆ.

ಚಳಿ ಶುರುವಾದ ಮೇಲೆ ಬೂದಿ ಒಂದು ಕೋಟು ಹಾಕಿಕೊಂಡು ಬರತೊಡಗಿತು. ಹೋದ ಗುರುವಾರ ಕತ್ತರಿ ಆಟದ ಭರದಲ್ಲಿ ಅದನ್ನು ಹೆಗಲಿನ ಹತ್ತಿರ ಹರಿದುಹಾಕಿತು. ನನ್ನ ನಾಯಿ ಹರಿದದ್ದನ್ನು ಬೇರೆಯವರು ಹೊಲಿದರೆ ನನಗೆ ಅವಮಾನವಲ್ಲವೇ? ಬೂದಿಯಪ್ಪ ಬೇಡವೆಂದರೂ ಕಿತ್ತುಕೊಂಡು ಅಂಗಡಿಗೆ ತಂದೆ. ಮೆಷಿನ್ ಮುಂದೆ ಕೂತು ಕೋಟನ್ನು ಒಳಮೈ ತಿರುವಿದೆ.

ಗುಂಡಿ ಹಾಕುವ ಕಾಜಾ ನೋಡಿದೆ, ಪುಟ್ಟಿ. ಕೈಯಿಂದ ಹಾಕಿದ ಕಾಜಾ, ತುದಿಯಲ್ಲಿ ಎಲ್ಲ ಟೇಲರುಗಳು ಹಾಕುವ ಎರಡು ಅಡ್ಡ ಹೊಲಿಗೆಯ ಬದಲು ಮೂರು. ದಾರದ ತುದಿಯನ್ನು ಕತ್ತರಿಸದೆ ಲೈನಿಂಗಿನ ಒಳಗೆ ಹಿಂದಕ್ಕೆಳೆದು ಬಚ್ಚಿಟ್ಟಿತ್ತು. ಅದು ನನ್ನ ಪದ್ಧತಿ, ನನ್ನ ಅಂಗಡಿಯಿಂದ ಆಚೆ ಹೋಗಿಲ್ಲ. ಆದರೆ ಹೊಲಿಗೆ ಎಲ್ಲ ಎದುರು ದಿಕ್ಕಿಗೆ ವಾಲಿತ್ತು. ನನ್ನ ಪಾಠ, ಎಡಗೈ. ಪ್ರಪಂಚದಲ್ಲಿ ಅಂಥವಳು ಒಬ್ಬಳೇ. ನಾನು ಆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಗಿರಾಕಿಯೊಬ್ಬರು ಬಂದಾಗ ಕಣ್ಣಿಗೆ ನೂಲಿನ ಧೂಳು ಹೋಯಿತೆಂದು ಹೇಳಿದೆ.

ನೀನು ಲಿಫ್ಟ್ ರಿಪೇರಿ ಮಾಡುವವನನ್ನು ಮದುವೆಯಾಗುತ್ತೇನೆ ಎಂದಾಗ ನಾನೇನು ಹೇಳಿದೆ, ನಿನಗೆ ನೆನಪಿರುತ್ತದೆ. ದಿನವಿಡೀ ಮೇಲೆ ಕೆಳಗೆ ಓಡಾಡಿ ಎಲ್ಲೂ ತಲುಪದವನು ಎಂದೆ. ಮದುವೆಗೆ ಬರಲಿಲ್ಲ. ಒಮ್ಮೆಯೂ ನೋಡದಿದ್ದ ಅವನ ಮುಖವನ್ನು ಮುಂದೆಯೂ ನೋಡುವುದಿಲ್ಲ ಎಂದು ಶಪಥ ಮಾಡಿದೆ. ಆ ಮುಖವನ್ನೇ ಏಳು ತಿಂಗಳಿಂದ ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ, ಬರದ ದಿನ ಯಾಕೆ ಬರಲಿಲ್ಲ ಎಂದು ಚಡಪಡಿಸಿದ್ದೇನೆ.

ಶುಕ್ರವಾರ ಕೋಟು ವಾಪಸು ಕೊಟ್ಟೆ.

"ಕಾಜಾ ತುಂಬಾ ಚೆನ್ನಾಗಿದೆ. ಹೊಲಿದವರಿಗೆ ಹೇಳು," ಎಂದೆ.

ಅವನು ಕೋಟನ್ನು ತಿರುವಿ ಕಾಜಾದ ಮೇಲೆ ಬೆರಳಾಡಿಸಿದ. "ಹೇಳ್ತೀನಿ, ಮಾವ," ಎಂದ.

ಆಮೇಲೆ ಎಲ್ಲವನ್ನೂ ಅವನೇ ಹೇಳಿದ. ನೀವು ಕೆಲಸದ ಸಲುವಾಗಿ ಇದೇ ಊರಿಗೆ ಬಂದಿದ್ದು, ನಮ್ಮ ಅಂಗಡಿಯಿಂದ ಆರೇ ಬೀದಿ ಆಚೆ ಇರುವುದು, ನಾನು ಹೇಗಿದ್ದೇನೆಂದು ನೋಡಿಕೊಂಡು ಬಾ ಎಂದು ನೀನೇ ಅವನನ್ನು ಕಳಿಸಿದ್ದು. ನಾನು ಅಲ್ಲಿಯೇ ಎಲ್ಲರನ್ನೂ ಕರೆದೆ. ಇವನು ನನ್ನ ಅಳಿಯ, ಈ ಕೋಟು ನನ್ನ ಮಗಳು ಹೊಲಿದದ್ದು ಎಂದು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಜಡ್ಜರು ಕನ್ನಡಕ ಏರಿಸಿ ಕಾಜಾ ಪರೀಕ್ಷಿಸಿ, ಚಿನ್ನುಗೂ ಒಂದು ಬೇಕು ಎಂದು ತೀರ್ಪು ಕೊಟ್ಟರು. ನನ್ನ ಮಗಳಿಗೆ ಪುರುಸೊತ್ತಿದ್ದರೆ ನೋಡೋಣ ಎಂದೆ. ಒಪ್ಪಿದ್ದರೆ ನಮ್ಮ ಬೆಲೆ ಕಡಿಮೆಯಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ನೀನೂ ಪಾರ್ಕಿಗೆ ಬಾ. ಕತ್ತರಿ ಮೈಮೇಲೆ ಹಾರುತ್ತದೆ, ಹಳೆಯ ಬಟ್ಟೆ ಹಾಕಿಕೊಂಡು ಬಾ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ. ನಿನ್ನ ಎಡಗೈ ಎಂದೂ ಸೋಲದಿರಲಿ.

ನಿನ್ನ ಅಪ್ಪ
(ಪಾರ್ಕಿನಲ್ಲಿ ಕತ್ತರಿಯಪ್ಪ)

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ಅವನು ಪಾರ್ಕಿನ ಪದ್ಧತಿ ಮುರಿದು, ನಿಮಗೆಷ್ಟು ಮಕ್ಕಳು ಎಂದು ನನ್ನನ್ನು ಕೇಳಿದ್ದ. "ನಂಗೆ ಮಕ್ಕಳಿಲ್ಲ," ಎಂದೆ. ಅವನು ಬಗ್ಗಿ ಬೂದಿಯ ಕೊರಳಪಟ್ಟಿಯನ್ನು ತುಂಬಾ ಹೊತ್ತು ಸರಿಮಾಡಿದ. ಮರುದಿನವೂ ಬಂದ. ಆ ಮಾತನ್ನು ನಿನಗೆ ಹೇಳಿದ್ದಾನೆಯೇ ಎಂದು ಇವತ್ತು ಬೆಳಿಗ್ಗೆ ಕೇಳಿದೆ. ಇಲ್ಲವಂತೆ. ಅಪ್ಪ ಏನಂದರು ಎಂದು ಅವತ್ತು ನೀನು ಕೇಳಿದಾಗ, 'ನನಗೊಬ್ಬಳೇ ಮಗಳು, ಅವಳ ಕೈಯ ಕಾಜಾ ನೋಡಬೇಕು' ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡೆನೆಂದು ಅವನು ನಿನಗೆ ಹೇಳಿದನಂತೆ. ಅದನ್ನು ನಂಬಿಯೇ ನೀನು ಆ ಕೋಟು ಹೊಲಿಯಲು ಕೂತೆಯಂತೆ. ಪುಟ್ಟಿ, ಅದು ನಾನು ಆಡಿದ ಮಾತಲ್ಲ. ಅದಕ್ಕೇ ಈ ಕಾಗದವನ್ನು ಅವನ ಕೈಗೆ ಕೊಡದೆ ಆರು ಬೀದಿ ಆಚೆಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇಷ್ಟು ತಿಳಿದ ಮೇಲೂ ಮನಸ್ಸಾದರೆ ಭಾನುವಾರ ಬಾ. ಬರದಿದ್ದರೂ ಅವನನ್ನು ಬೈಯಬೇಡ. ಅಪ್ಪನಾದವನು ಹೇಳಬೇಕಾಗಿದ್ದ ಮಾತನ್ನು ನನ್ನ ಬದಲು ಅವನು ಹೇಳಿದ, ಅಷ್ಟೆ.