ಲಾಕ್‌ಗೇಟು ತೆರೆದುಬಿಡು

ಅಲ್ ಸದ್ದ್, ದೋಹಾ
ಶುಕ್ರವಾರ

ಅಣ್ಣ ಚನ್ನಬಸವನಿಗೆ ಕಸ್ತೂರಿಯ ಶರಣು.

ವೈನಿ ಫೋನ್ ಮಾಡಿದ್ದರು. ನೀನು ಕಾಯುವ ಲಾಕ್‌ಗೇಟನ್ನು ಈಗಲೂ ವಾರಕ್ಕೊಮ್ಮೆ ಮುಚ್ಚಿ, ನೀರಿಳಿದ ಕಾಲುವೆಯಲ್ಲಿ ನಮ್ಮ ಯಜಮಾನರನ್ನು ಹುಡುಕುತ್ತೀಯಂತೆ. ಅವರು ಕೊಚ್ಚಿಹೋಗಿ ಹದಿನಾಲ್ಕು ತಿಂಗಳಾಯಿತು. ಇನ್ನು ಹುಡುಕಬೇಡ. ಕೆಳಗಿನ ಹೊಲದವರಿಗೆ ನೀರು ಬೇಕು, ತೆರೆದುಬಿಡು.

ಬ್ರಿಟಿಷರು ದೋಣಿ ದಾಟಿಸಲು ಕಟ್ಟಿದ ಆ ಹಳೇ ಬಾಗಿಲಿಗೆ ಸದಾ ಕಸ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಅವರು ಇಳಿದದ್ದು ಕಾಣದೆ ನೀನು ಗೇಟು ತೆರೆದೆ. “ಅವರು ಒಂದು ಸಲ ಕೂಗಿದ್ದರೆ ಸಾಕಿತ್ತು, ತಂಗಿ” ಎಂದು ನೀನು ಫೋನಿನಲ್ಲಿ ಅತ್ತುಬಿಟ್ಟೆ. ನಾನು ನಿನ್ನ ಮಾತು ನಂಬಿದ್ದೇನೆ.

ಅವರು ತೀರಿಹೋದರೆಂದು ಬರೆಸುವ ಅರ್ಜಿಗೆ ನನ್ನ ಸಹಿ ಕೇಳಿದ್ದೆ. ಇಷ್ಟು ದಿನ ಕೈ ಬರಲಿಲ್ಲ. ಈಗ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಅವರ ಅಂಗಿಗಳನ್ನು ಯಾರಿಗಾದರೂ ಕೊಡು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊರಗಿದ್ದೀಯೆಂದು ವೈನಿ ಹೇಳಿದರು.

ದೀಪಾವಳಿಗೆ ಬಾ ಎಂದು ವೈನಿ ಕರೆದರು. ನಾನು ಕೆಲಸ ಮಾಡುವ ಮನೆಯ ಮ್ಯಾಡಮ್ ರಜೆ ಕೊಡುವುದಿಲ್ಲ ಎಂದೆ. ರಜೆ ಕೊಟ್ಟಿದ್ದಾರೆ, ಅಣ್ಣಾ. ನಿನ್ನದು ತಪ್ಪಲ್ಲವೆಂದು ಗೊತ್ತಿದ್ದೂ ನಿನ್ನ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಮುಂದೆಂದಾದರೂ ಆದೀತು ಎಂದೂ ಅನಿಸುವುದಿಲ್ಲ.

ನಿನ್ನ ತಂಗಿ,
ಕಸ್ತೂರಿ